ಹಿತ್ತಲ ಕಾಯಿಪಲ್ಲೆ: ಶಹಾಪುರ ಸೀಮೆಯಲ್ಲಿ ಬಿತ್ತುವ ಕಾಲ

ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ, ಬಾವಿಕಟ್ಟೆಯ ಸುತ್ತ, ಈಚೆಗೆ ಮಾಳಿಗೆಯ ಮೇಲಿನ ಚೀಲ ಕುಂಡಗಳಲ್ಲಿ, ಮಾರುವುದಕ್ಕಲ್ಲದೆ ಮನೆಯ ಅಡುಗೆಗೆಂದೇ ಬೆಳೆಯುವ ಕಾಯಿ, ತಪ್ಪಲು, ಗಡ್ಡೆ ಹಾಗೂ ಔಷಧಿ ಗಿಡಗಳ ತೋಟಕ್ಕೆ ಕೈತೋಟ ಅಥವಾ ಹಿತ್ತಲ ತೋಟ ಎಂದು ಹೆಸರು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ, ಯಾದಗಿರಿ ಭಾಗದಲ್ಲಿ ಇದರ ಬಿತ್ತನೆಯ ಕಾಲವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಜೂನ್‌ನ ಮಿರಗದ ಮಳೆ, ದಸರೆಯ ನಂತರ ಇಳಿಯುವ ತಾಪ ಮತ್ತು ಯುಗಾದಿಯ ಹೊತ್ತಿಗೆ ಬತ್ತುವ ನೀರು. ಯುರೋಪು, ಅಮೆರಿಕಗಳ ತೋಟದ ಪಂಚಾಂಗ ಕೊನೆಯ ಹಿಮ ಬೀಳುವ ದಿನದಿಂದ ಲೆಕ್ಕ ಹಿಡಿಯುತ್ತದೆ. ಹಿಮವೇ ಬೀಳದ ಶಹಾಪುರದಲ್ಲಿ ಲೆಕ್ಕ ಶುರುವಾಗುವುದು ಬಿಸಿಲಿನಿಂದ. ಅಂಗಡಿಯ ಬೀಜದ ಪೊಟ್ಟಣದ ಹಿಂದೆ ‘ವರ್ಷವಿಡೀ ಬಿತ್ತಬಹುದು’ ಎಂದು ಅಚ್ಚಾಗಿರುತ್ತದೆ. ಅದನ್ನು ನಂಬಿ ಏಪ್ರಿಲ್‌ನಲ್ಲಿ ಕೊತ್ತಂಬರಿ ಹಾಕಿದವರು ಮುಂದಿನ ವರ್ಷ ಹಾಕುವುದಿಲ್ಲ.

ಹವೆ ಮತ್ತು ನೆಲ

ಶಹಾಪುರ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಕೃಷಿ ಹವಾಮಾನದ ಲೆಕ್ಕದಲ್ಲಿ ಇದು ಕರ್ನಾಟಕದ ಈಶಾನ್ಯ ಒಣ ವಲಯಕ್ಕೆ ಸೇರುತ್ತದೆ. ವಲಯದ ವಾರ್ಷಿಕ ಮಳೆ ಹೆಚ್ಚುಕಡಿಮೆ 600ರಿಂದ 800 ಮಿ.ಮೀ. ಅದರ ದೊಡ್ಡ ಪಾಲು ಜೂನ್–ಸೆಪ್ಟೆಂಬರ್ ನಡುವೆ ಬೀಳುತ್ತದೆ, ಅದರಲ್ಲೂ ಸೆಪ್ಟೆಂಬರ್‌ನದೇ ಜೋರು. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿ ದಾಟುವುದು ಸಾಮಾನ್ಯ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಅದು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅತಿ ಉದ್ದನೆಯ ಹಗಲು ಸುಮಾರು 13 ತಾಸು, ಅತಿ ಚಿಕ್ಕದು 11 ತಾಸು. ಈ ಎರಡು ತಾಸಿನ ಅಂತರ ಮನುಷ್ಯರಿಗೆ ಅಷ್ಟಾಗಿ ತಿಳಿಯದು. ಅವರೆಗೆ, ಪುಂಡಿಗೆ ಅದು ಚೆನ್ನಾಗಿ ತಿಳಿಯುತ್ತದೆ.

ನೆಲ ಎರಡು ಬಗೆ. ಕೃಷ್ಣಾ, ಭೀಮಾ ಬಯಲಿನಲ್ಲಿ ಎರೆ, ಗುಡ್ಡದ ಬದಿಯಲ್ಲಿ ಮಸಾರಿ. ಒಂದೇ ಊರಿನ ಎರಡು ಓಣಿಗಳಲ್ಲಿ ಬಿತ್ತುವ ದಿನ ಬೇರೆಯಾಗುವುದು ಇದರಿಂದಲೇ. ಎರೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ನೀರು ಬಸಿಯದೆ ನಿಂತು ಬೇರು ಕೊಳೆಯುತ್ತದೆ. ಆದರೆ ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಮಸಾರಿ ಇದಕ್ಕೆ ತಿರುಗಾ ಮುರುಗಾ: ಒಂದೆರಡು ಮಳೆಗೇ ಹದಕ್ಕೆ ಬರುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಹಾಗಾಗಿ ಮಸಾರಿ ಹಿತ್ತಲಿನವರು ಮಿರಗದಲ್ಲೇ ಬೀಜ ಹಾಕಿದರೆ, ಎರೆಯವರು ಮುಂಗಾರಿಗೆ ಏರಿ ಕಟ್ಟಿ ಬಳ್ಳಿಗಳನ್ನಷ್ಟೇ ಹಾಕಿ, ತಪ್ಪಲಿನ ಮಡಿಗಳನ್ನು ಹಿಂಗಾರಿಗೆ ಇಟ್ಟುಕೊಳ್ಳುವುದು ಲೇಸು. ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು. ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಕರಿಬೇವಿನ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದೆ. ಬುಡಕ್ಕೆ ಹುಳಿ ಮಜ್ಜಿಗೆ ಸುರಿಯುವ ರೂಢಿ ಇದಕ್ಕೇ ಹುಟ್ಟಿದ್ದಿರಬೇಕು. ತಿಪ್ಪೆಗೊಬ್ಬರ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನೀರಿನ ಲೆಕ್ಕ ಕಾಲುವೆಯಿಂದ ಬದಲಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟೆ, ಅಂದರೆ ಬಸವಸಾಗರ, 1982ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಬಯಲಿಗೆ ಇಳಿಯಿತು. ಹೊಲದಲ್ಲಿ ಜೋಳ ಹೋಗಿ ಭತ್ತ ಬಂದ ಕಥೆ ಎಲ್ಲರಿಗೂ ಗೊತ್ತು. ಹಿತ್ತಲಿಗೆ ಆದ ಉಪಕಾರ ಬೇರೆ: ಕಾಲುವೆಯಲ್ಲಿ ನೀರಿರುವಷ್ಟು ದಿನ ಆಸುಪಾಸಿನ ಬಾವಿ, ಬೋರುಗಳಲ್ಲೂ ನೀರು ಏರಿರುತ್ತದೆ. ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ಮುಂಗಾರಿಗೆ ಬಿಟ್ಟ ನೀರು ಹಿಂಗಾರಿಗೂ ವಾರಾಬಂದಿಯ, ಅಂದರೆ ಸರದಿಯ, ಮೇಲೆ ಹರಿದು, ಜಲಾಶಯದ ಮಟ್ಟ ನೋಡಿಕೊಂಡು ಮಾರ್ಚ್ ಸುಮಾರಿಗೆ ನಿಲ್ಲುತ್ತದೆ. ಬೇಸಿಗೆಯ ಬಳ್ಳಿ ಹಾಕುವವರು ಗಾಳಿಮಾತಿಗಿಂತ ಈ ಸಭೆಯ ಸುದ್ದಿಗೆ ಕಿವಿ ಕೊಡಬೇಕು. ಕಾಲುವೆ ಕೆಳಗಿನ ತಗ್ಗಿನಲ್ಲಿ ಬಸಿನೀರು ನಿಂತು ಸವಳಾದ ನೆಲವೂ ಉಂಟು. ಅಲ್ಲಿ ಅವರೆಗಿಂತ ಪಾಲಕ, ಬೀಟ್‌ರೂಟ್ ತಾಳಿಕೊಳ್ಳುತ್ತವೆ.

ಮಳೆ ನಕ್ಷತ್ರದ ಪಂಚಾಂಗ

ಈ ಸೀಮೆಯ ರೈತರು ತಿಂಗಳಿನ ಹೆಸರು ಹೇಳುವುದು ಬ್ಯಾಂಕಿನ ಕಂತಿಗೆ. ಬಿತ್ತನೆಯ ಮಾತು ಬಂದರೆ ರೋಹಿಣಿ, ಮಿರಗ, ಆರಿದ್ರ, ಪುಷ್ಯ, ಹುಬ್ಬಿ, ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸಾಗುವ ಹದಿಮೂರು–ಹದಿನಾಲ್ಕು ದಿನಗಳ ಅವಧಿಗೆ ಆ ಮಳೆಯ ಹೆಸರು. ರೋಹಿಣಿ ಮೇ 25ರ ಸುಮಾರಿಗೆ ಕೂಡುತ್ತದೆ, ಮಿರಗ ಜೂನ್ 8ಕ್ಕೆ, ಆರಿದ್ರ 22ಕ್ಕೆ, ಉತ್ತರಿ ಸೆಪ್ಟೆಂಬರ್ ನಡುವೆ, ಚಿತ್ತಿ ಅಕ್ಟೋಬರ್ 11ಕ್ಕೆ, ಸ್ವಾತಿ 24ಕ್ಕೆ. ಪ್ರತಿ ವರ್ಷ ಒಂದು ದಿನ ಆಚೀಚೆ ಆಗಬಹುದು, ಅಷ್ಟೇ.

ಹೆಚ್ಚಿನ ಹಬ್ಬಗಳು ಹೀಗಲ್ಲ. ಅವು ಚಂದ್ರನ ಬೆನ್ನು ಹತ್ತಿದವು. ಎಳ್ಳ ಅಮವಾಸ್ಯೆ ಒಮ್ಮೆ 2024ರ ಜನವರಿ 11ಕ್ಕೆ ಬಂತು, ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೆ ಬಂತು, ಆಮೇಲೆ 2025ರ ಡಿಸೆಂಬರ್ 19ಕ್ಕೆ. ಎರಡೇ ವರ್ಷದಲ್ಲಿ ಮೂರು ವಾರ ಹಿಂದೆ ಸರಿದ ಲೆಕ್ಕ ಇದು, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ‘ದೀಪಾವಳಿಗೆ ಮೆಂತೆ ಹಾಕು’ ಎಂಬ ಅಜ್ಜಿಯ ಮಾತನ್ನು ಅಕ್ಷರಶಃ ಹಿಡಿದರೆ ಒಂದು ವರ್ಷ ಸರಿಹೋಗಿ ಇನ್ನೊಂದು ವರ್ಷ ತಪ್ಪುವುದು ಇದೇ ಕಾರಣಕ್ಕೆ. ಬಿಸಿಲು, ಹಗಲಿನ ಉದ್ದ ಎರಡೂ ಸೂರ್ಯನ ಕೈಯಲ್ಲಿರುವುದರಿಂದ ಹಿತ್ತಲಿಗೂ ಮಳೆ ನಕ್ಷತ್ರವೇ ನೆಚ್ಚಿನ ಪಂಚಾಂಗ. ಅದೂ ತೀರ ಅಚಲವೇನಲ್ಲ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ, ಆ ಚೂರು ಚೂರೇ ಕೂಡಿ ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಎರಡು ವಾರವಾಗುತ್ತದೆ. ಎರಡನೆಯ ಚಾವುಂಡರಾಯ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಮಳೆಯ ಲಕ್ಷಣ, ವೃಕ್ಷಾಯುರ್ವೇದ, ಅಡುಗೆಗಳನ್ನು ಒಂದೇ ಗ್ರಂಥದಲ್ಲಿ ಸೇರಿಸಿ ‘ಲೋಕೋಪಕಾರ’ ಬರೆದಾಗ ಮಿರಗ ಕೂಡುತ್ತಿದ್ದುದು ಈಗಿನ ಲೆಕ್ಕದ ಮೇ ಕೊನೆಯ ವಾರದಲ್ಲಿ. ಒಬ್ಬ ತೋಟಗಾರನ ಆಯುಷ್ಯದಲ್ಲಿ ಈ ವ್ಯತ್ಯಾಸ ಒಂದು ದಿನ ಮಾತ್ರ. ಹೀಗಾಗಿ ಅವನು ಚಿಂತೆ ಮಾಡಬೇಕಿಲ್ಲ.

ಮುಂಗಾರು: ಬಳ್ಳಿಗಳ ಕಾಲ

ರೋಹಿಣಿಯಲ್ಲಿ ಒಂದು ಅಡ್ಡಮಳೆ ಬಿದ್ದರೂ ಕೈ ತುರಿಸುತ್ತದೆ. ತಡೆದುಕೊಳ್ಳುವುದು ಒಳ್ಳೆಯದು. ಮೊದಲ ಮಳೆ ಕಾದ ನೆಲದ ಬಿಸಿಯನ್ನು ಮೇಲಕ್ಕೆ ತರುತ್ತದೆ, ಅದಕ್ಕೆ ಮೊಳೆತ ಸಸಿ ಮುಂದಿನ ಬಿಸಿಲಿಗೆ ಸುಡುತ್ತದೆ. ನೆಲ ಗೇಣುದ್ದ ತೊಯ್ದ ಮೇಲೆ ಬೀಜ. ಅದಕ್ಕೆ ಮುಂಚೆ ಮಾಡಬೇಕಾದ್ದು ಬದನೆ, ಮೆಣಸಿನಕಾಯಿಯ ಸಸಿ ಮಡಿ. ಮೆಣಸಿನ ಸಸಿಗೆ 40–45 ದಿನ, ಬದನೆಗೆ 30–35 ದಿನ ಬೇಕು. ರೋಹಿಣಿಯಲ್ಲಿ ನೆರಳಿಗೆ ಬೀಜ ಹಾಕಿದವರು ಪುನರ್ವಸು, ಪುಷ್ಯದ ಜಿಟಿಜಿಟಿಯಲ್ಲಿ ಸಸಿ ಕಿತ್ತು ನಡಬಹುದು. ಮೋಡ ಕವಿದ ದಿನ, ಸಂಜೆಯ ಹೊತ್ತು ನಟ್ಟರೆ ಸಸಿ ಬಾಡದು.

ಮಿರಗ, ಆರಿದ್ರದಲ್ಲಿ ಹೀರೆ, ಸೋರೆ, ಹಾಗಲ, ಕುಂಬಳ, ಸವತೆ, ಪಡವಲ ಹಾಕುತ್ತಾರೆ. ಬೆಂಡೆ, ಚವಳಿ, ಅಲಸಂದಿ ಕೂಡ ಆಗಲೇ. ಬೆಂಡೆ ಬೀಜ ರಾತ್ರಿ ನೆನೆಸಿ ಹಾಕಿದರೆ ಬೇಗ ಹುಟ್ಟುತ್ತದೆ. ಬೆಂಡೆಯ ಎಲೆಯಲ್ಲಿ ಹಳದಿ ನರ ಬಲೆಯಂತೆ ಕಾಣಿಸಿಕೊಂಡರೆ ಅದು ಬಿಳಿನೊಣ ಹರಡುವ ನಂಜು ರೋಗ, ಗಿಡ ಕಿತ್ತು ಹೂಳುವುದೊಂದೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಈ ರೋಗಕ್ಕೆ ಎದುರು ನಿಲ್ಲಲೆಂದೇ ಬಂದ ತಳಿ. ಬಳ್ಳಿ ಹಾಕುವವರು ಚಪ್ಪರವನ್ನು ಆಷಾಢದ ಗಾಳಿಗೆ ಮೊದಲೇ ಕಟ್ಟಿರಬೇಕು. ಪಡುವಣ ಗಾಳಿ ಎರಡು ದಿನ ಬೀಸಿತೆಂದರೆ ಕಟ್ಟದ ಬಳ್ಳಿ ಸುರುಳಿಯಾಗಿ ಬೇಲಿಯ ಜಾಲಿಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ.

ಬಳ್ಳಿಯ ತುಂಬ ಹೂವಿದ್ದೂ ಒಂದೂ ಕಾಯಿ ಕಟ್ಟುವುದಿಲ್ಲ ಎಂಬ ದೂರು ಜುಲೈನಲ್ಲಿ ಮನೆಮನೆಯದು. ಉದ್ದ ಹಗಲು, ಹೆಚ್ಚು ತಾಪ ಇದ್ದಾಗ ಈ ಜಾತಿಯ ಬಳ್ಳಿಗಳು ಗಂಡು ಹೂವನ್ನೇ ಹೆಚ್ಚು ಬಿಡುತ್ತವೆ. ಹಗಲು ಕುಗ್ಗಿ ತಂಪಾದಂತೆ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವು ಹೆಚ್ಚುತ್ತದೆ. ಬಳ್ಳಿ ಕಡಿದು ಹಾಕುವ ಮುನ್ನ ಎರಡು ವಾರ ಕಾಯುವುದು ಸರಿ.

ಅವರೆಯದು ಇನ್ನೂ ದೊಡ್ಡ ಕಾಯುವಿಕೆ. ನಾಟಿ ಅವರೆಯನ್ನು ಮಿರಗದಲ್ಲಿ ಬಿತ್ತಿದರೂ ಅದು ಬೇಲಿ, ಹುಣಸೆ ಕೊಂಬೆ, ಮಾಳಿಗೆ ಏರಿ ಎಲೆ ಬಿಡುತ್ತಲೇ ಇದ್ದು, ಹಗಲು ಚಿಕ್ಕದಾಗುವವರೆಗೆ ಹೂ ಬಿಡದು. ಆಗಸ್ಟ್‌ನಲ್ಲಿ ಬಿತ್ತಿದ್ದೂ ಅದೇ ದಿನಗಳಲ್ಲಿ ಹೂ ಬಿಡುತ್ತದೆ, ಬಳ್ಳಿ ಸಣ್ಣದಾಗಿರುವುದರಿಂದ ಕಾಯಿ ಕಡಿಮೆ. ಪುಂಡಿಯೂ ಇದೇ ಗುಣದ್ದು, ಆದರೆ ಅದರಲ್ಲಿ ನಮಗೆ ಬೇಕಾದದ್ದು ಎಲೆ. ಮಿರಗದಲ್ಲಿ ಬಿತ್ತಿದ ಪುಂಡಿ ಮಳೆಗಾಲವಿಡೀ ಚಿವುಟಿದಷ್ಟೂ ಚಿಗುರುತ್ತದೆ. ಅಕ್ಟೋಬರ್ ದಾಟಿ ಹಗಲು ಕುಗ್ಗಿದ ಮೇಲೆ ಹೂವಿಗೆ ನಿಂತು ಎಲೆ ಗಡುಸಾಗುತ್ತದೆ. ಚಳಿಗಾಲದಲ್ಲಿ ಹೊಸದಾಗಿ ಬಿತ್ತಿದ ಪುಂಡಿ ಮೊಳಕಾಲೆತ್ತರಕ್ಕೇ ಹೂ ಬಿಟ್ಟು ಮುಗಿಯುತ್ತದೆ, ಅದರ ತಪ್ಪಲು ಒಂದು ಹೊತ್ತಿನ ಪಲ್ಲೆಗೂ ಸಾಲದು.

ಔಷಧಿ ಮತ್ತು ಒಗ್ಗರಣೆಯ ಗಿಡಗಳು ಹೆಚ್ಚಿನವು ಈ ಮಳೆಗೇ ಒಗ್ಗುತ್ತವೆ. ಕರಿಬೇವಿನ ಸಸಿ, ನುಗ್ಗೆಯ ಕೊಂಬೆ, ತೊಂಡೆಯ ಕಾಂಡ, ಮಜ್ಜಿಗೆಹುಲ್ಲು, ದೊಡ್ಡಪತ್ರೆ ಎಲ್ಲವೂ ಜೂನ್–ಜುಲೈನಲ್ಲಿ ಬೇರು ಬಿಡುತ್ತವೆ. ಪುದೀನವನ್ನು ಸಂತೆಯಿಂದ ತಂದ ಸಿವುಡಿನ ಗಟ್ಟಿ ಕಡ್ಡಿಗಳಿಂದಲೇ ಹಬ್ಬಿಸಬಹುದು, ಅರ್ಧ ನೆರಳು ಬೇಕು. ತುಳಸಿ ಯಾರೂ ಹಾಕದೆಯೇ ಕಟ್ಟೆಯ ಸಂದಿಯಲ್ಲಿ ಹುಟ್ಟುತ್ತದೆ.

ಹಿಂಗಾರು: ತಪ್ಪಲಿನ ಕಾಲ

ಶಹಾಪುರದ ಹಿತ್ತಲಿಗೆ ನಿಜವಾದ ಸುಗ್ಗಿ ಹಿಂಗಾರಿನದು. ವರ್ಷಕ್ಕೆ ಒಂದೇ ಬಾರಿ ಬಿತ್ತುವಷ್ಟು ಪುರುಸೊತ್ತು ಇದ್ದವರು ಚಿತ್ತಿ ಮಳೆಯನ್ನು ಆರಿಸಿಕೊಳ್ಳಬೇಕು. ಆಗ ಎರೆಯ ಹೊಟ್ಟೆಯಲ್ಲಿ ಹಸ್ತಿಯ ಹಸಿ ಇರುತ್ತದೆ, ಹುಲ್ಲಿನ ಹಾವಳಿ ಇಳಿದಿರುತ್ತದೆ, ಮುಂದೆ ನಾಲ್ಕು ತಿಂಗಳು ತಂಪು. ಮೆಂತೆ, ಕೊತ್ತಂಬರಿ, ಸಬ್ಬಸಗಿ, ಪಾಲಕ, ಮೂಲಂಗಿ, ಗಜ್ಜರಿ, ಬಟಾಣಿ, ಬಳ್ಳೊಳ್ಳಿ ಎಲ್ಲಕ್ಕೂ ಚಿತ್ತಿಯಿಂದ ವಿಶಾಖದವರೆಗಿನ ಐದಾರು ವಾರ ಹೇಳಿಮಾಡಿಸಿದ್ದು. ಟೊಮ್ಯಾಟೊ, ಎಲೆಕೋಸು, ಹೂಕೋಸು, ಉಳ್ಳಾಗಡ್ಡಿಯ ಸಸಿ ಮಡಿಯನ್ನು ಉತ್ತರಿಯಲ್ಲೇ, ಸೆಪ್ಟೆಂಬರ್‌ನ ಹೊಡೆತಕ್ಕೆ ಸಿಗದಂತೆ ಮೇಲೆ ಮರೆಮಾಡಿ, ತಯಾರಿಸಿಕೊಂಡಿರಬೇಕು. ಟೊಮ್ಯಾಟೊಗೆ ಈ ಕಾಲವೇ ಏಕೆಂದರೆ, ಹಗಲು 35 ಡಿಗ್ರಿ ಮೀರಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಅದರ ಪರಾಗ ಕೆಡುತ್ತದೆ, ಹೂವು ಕಾಯಾಗದೆ ಉದುರುತ್ತದೆ. ಅಕ್ಟೋಬರ್‌ನಲ್ಲಿ ನಟ್ಟ ಗಿಡ ಡಿಸೆಂಬರ್, ಜನವರಿಯಲ್ಲಿ ಕಾಯಿ ಕಟ್ಟಿ ಫೆಬ್ರುವರಿಯೊಳಗೆ ಮುಗಿಸುತ್ತದೆ.

ಗಜ್ಜರಿಗೆ ಎರೆ ಹಿತವಲ್ಲ. ಜೇಡಿಯಲ್ಲಿ ದಾರಿ ಸಿಗದೆ ಕವಲೊಡೆದು ಮುದುಡುತ್ತದೆ. ಮಡಿಗೆ ಹಳ್ಳದ ಉಸುಕು ಬೆರೆಸಿ ಗೇಣುದ್ದ ಸಡಿಲಿಸಿದರೆ ನೆಟ್ಟಗೆ ಇಳಿಯುತ್ತದೆ.

ಕೊತ್ತಂಬರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಸೋಲುವುದು ಇಲ್ಲಿಯೇ. ನಾವು ಬೀಜ ಎನ್ನುವ ಆ ದುಂಡನೆಯ ಕಾಳು ಎರಡು ಬೀಜಗಳ ಜೋಡಿ. ಕಾಳನ್ನು ಕಟ್ಟೆಯ ಮೇಲೆ ಹರಡಿ ಹಳೆಯ ಚಪ್ಪಲಿಯಿಂದಲೋ ಬೀಸುಕಲ್ಲಿನ ಮೇಲುಗಲ್ಲನ್ನು ಹಗುರಾಗಿ ಆಡಿಸಿಯೋ ಎರಡು ಹೋಳಾಗುವಂತೆ ಉಜ್ಜುತ್ತಾರೆ. ಹೆಚ್ಚು ಒತ್ತಿದರೆ ಹಿಟ್ಟಾದೀತು. ಒಡೆದ ಕಾಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಬಸಿದು, ಬೂದಿಯಲ್ಲಿ ಹೊರಳಾಡಿಸಿದರೆ ಒಂದಕ್ಕೊಂದು ಅಂಟದೆ ಉದುರಾಗುತ್ತದೆ. ಮೊದಲೇ ನೀರು ಹಾಯಿಸಿ ಹದವಾದ ಮಡಿಯಲ್ಲಿ ಬೆರಳಿನಿಂದ ಗೆರೆ ಎಳೆದು ಬೀಜ ಬಿಟ್ಟು, ಅರ್ಧ ಬೆರಳು ಮಣ್ಣು ಮುಚ್ಚಿ, ಮೇಲೆ ಹಳೆಯ ಗೋಣಿಚೀಲ ಹಾಸುವುದು. ಚೀಲದ ಮೇಲೆಯೇ ನೀರು ಚಿಮುಕಿಸುತ್ತ ಹೋದರೆ ಎಂಟು–ಹತ್ತನೆಯ ದಿನಕ್ಕೆ ಅದು ಅಲ್ಲಲ್ಲಿ ಸಣ್ಣಗೆ ಎದ್ದಂತೆ ಕಾಣುತ್ತದೆ. ಅವತ್ತು ಸಂಜೆಯೇ ಚೀಲ ತೆಗೆಯಬೇಕು. ಒಂದು ದಿನ ಮರೆತರೆ ಬಿಳಿಚಿದ ಕುತ್ತಿಗೆಗಳು ಚೀಲದ ನೂಲಿಗೆ ಸಿಕ್ಕಿ ಕಿತ್ತು ಬರುತ್ತವೆ. ನಲವತ್ತು ದಿನದ ಹೊತ್ತಿಗೆ ಸಿವುಡು ಕಟ್ಟಬಹುದು. ಇದನ್ನೇ ಮಾರ್ಚ್‌ನಲ್ಲಿ ಮಾಡಿದರೆ, ಹುಟ್ಟಿದಷ್ಟು ಗಿಡ ನಾಲ್ಕೆಲೆಗೇ ಕಡ್ಡಿ ಎತ್ತಿ ಹೂವಿಗೆ ಹೋಗುತ್ತದೆ. ತಾಪ ಏರಿ ಹಗಲು ಬೆಳೆದರೆ ಕೊತ್ತಂಬರಿಗೆ ಎಲೆಯ ಮೇಲೆ ಮನಸ್ಸಿರುವುದಿಲ್ಲ. ಮೆಂತೆಗೆ ಇಷ್ಟು ಸೇವೆ ಬೇಡ, ನಾಲ್ಕು ದಿನಕ್ಕೆ ಹುಟ್ಟಿ ತಿಂಗಳೊಳಗೆ ಬಾಣಲೆಗೆ ಬರುತ್ತದೆ.

ಎಳ್ಳ ಅಮವಾಸ್ಯೆಯ ಬಜ್ಜಿ ಹಿಂಗಾರಿನ ಹಿತ್ತಲಿಗೆ ಪರೀಕ್ಷೆ ಇದ್ದಂತೆ. ಅವತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡಬಿನ ಜೊತೆ ಉಣ್ಣುವ ಬಜ್ಜಿಗೆ ಹಸಿ ಕಡಲೆ, ತೊಗರಿಕಾಳು ಹೊಲದಿಂದ ಬಂದರೆ ಅವರೆ, ಬದನೆ, ಮೆಂತೆ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ ಹಿತ್ತಲಿನಿಂದ ಬರಬೇಕು. ಒಂದೇ ದಿನ ಇವೆಲ್ಲ ಕೈಗೆ ಸಿಗಬೇಕೆಂದರೆ ಅಮವಾಸ್ಯೆಯಿಂದ ಹಿಂದಕ್ಕೆ ಎಣಿಸಬೇಕು: ಮೆಂತೆಗೆ ಮೂವತ್ತು ದಿನ, ತಪ್ಪಲಿಗಾಗಿ ಊರಿದ ಉಳ್ಳಾಗಡ್ಡಿಗೆ ಮೂವತ್ತೈದು–ನಲವತ್ತು, ಗಜ್ಜರಿಗೆ ತೊಂಬತ್ತರ ಸುಮಾರು, ಬದನೆಗೆ ಸಸಿ ಮಡಿಯಿಂದ ನೂರು. ಅವರೆ ಮಾತ್ರ ಮಿರಗದಲ್ಲೇ ನೆಲಕ್ಕೆ ಬಿದ್ದಿರಬೇಕು. ಹಬ್ಬ ಡಿಸೆಂಬರ್ 19ಕ್ಕೇ ಬಂದ ವರ್ಷ ಗಜ್ಜರಿಯನ್ನು ಹಸ್ತಿಗೂ ಮುಂಚೆ, ಉತ್ತರಿಯ ಕೆಸರಿನಲ್ಲಿ ಬಿತ್ತಬೇಕಾಗುತ್ತದೆ, ಎರೆಯಲ್ಲಿ ಅದು ಆಗದ ಮಾತು. ಅಂಥ ವರ್ಷ ಗಜ್ಜರಿ ಸಂತೆಯದೇ. ಹಕ್ಕರಕಿಯಂಥ ತಪ್ಪಲು ಯಾರ ಲೆಕ್ಕಕ್ಕೂ ಕಾಯದೆ ಹಿಂಗಾರಿ ಹೊಲದಲ್ಲಿ ತಾನೇ ಹುಟ್ಟಿ ರೊಟ್ಟಿಯ ಪಕ್ಕಕ್ಕೆ ಬರುತ್ತದೆ.

ಬೇಸಿಗೆ

ಸಂಕ್ರಾಂತಿ ಕಳೆದು ಚಳಿ ಮುರಿಯುತ್ತಿದ್ದಂತೆ ಸವತೆ, ಹೀರೆ, ಕಲ್ಲಂಗಡಿ, ಬೆಂಡೆ, ಚವಳಿ ಎರಡನೆಯ ಸಲ ನೆಲಕ್ಕೆ ಬೀಳುತ್ತವೆ. ಶಿವರಾತ್ರಿಯ ಒಳಗೆ ಬಿತ್ತಿದ್ದು ಉಳಿಯುತ್ತದೆ, ಆಮೇಲಿನದಕ್ಕೆ ಬೋರಿನ ಮೇಲೆ ಭಾರ. ಯುಗಾದಿಯ ನಂತರ ಹೊಸದಾಗಿ ಹಾಕಬಹುದಾದದ್ದು ರಾಜಗಿರಿ ಒಂದೇ. ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಗೋಡೆಯ ಮೂಡಣ ಬದಿಗೆ ಹಾಕಿದರೆ ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಪಡುವಣ ಗೋಡೆಯ ಬುಡದಲ್ಲಿ ಈ ದಿನಗಳಲ್ಲಿ ಕಸವೂ ಹುಟ್ಟುವುದಿಲ್ಲ. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಚೀಲಗಳು ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತವೆ. ಅರ್ಧ ಬಿಸಿಲು ತಡೆಯುವ ಹಸಿರು ಜಾಲರಿ ಕಟ್ಟಿ, ಚೀಲಗಳನ್ನು ಒತ್ತಾಗಿ ಇಟ್ಟು, ಹೊರಸಾಲಿಗೆ ಗೋಣಿ ಸುತ್ತಿದರೆ ಮೆಣಸಿನ ಗಿಡ, ಪುದೀನ ಜೀವ ಹಿಡಿದುಕೊಳ್ಳುತ್ತವೆ. ಕಾಯಿಯ ಆಸೆ ಬೇಡ.

ಖಾಲಿ ಮಡಿಗೂ ಈಗ ಕೆಲಸವಿದೆ. ಏಪ್ರಿಲ್‌ನಲ್ಲಿ ಅಗೆದು ಒಮ್ಮೆ ನೀರುಣಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಮಣ್ಣು ಹಾಕಿ ಬಿಗಿದು ನಾಲ್ಕರಿಂದ ಆರು ವಾರ ಬಿಟ್ಟರೆ, ಹಾಳೆಯ ಕೆಳಗಿನ ಕಾವಿಗೆ ಕಸದ ಬೀಜ, ಬೇರುಗಂಟಿನ ಜಂತುಹುಳು, ಸೊರಗು ರೋಗದ ಬೂಷ್ಟು ಬಹುಪಾಲು ಸಾಯುತ್ತವೆ. ಇಷ್ಟು ಬಿಸಿಲು ಪುಕ್ಕಟೆ ಸಿಗುವ ಊರಿನಲ್ಲಿ ಈ ಉಪಾಯವನ್ನು ಬಳಸುವವರು ಕಡಿಮೆ ಎಂಬುದು ಸೋಜಿಗ. ಇಂಥವುಗಳ ಬಗ್ಗೆ, ಸ್ಥಳಕ್ಕೆ ಒಗ್ಗುವ ತಳಿಗಳ ಬಗ್ಗೆ ಕೇಳುವವರಿಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ, ಶಹಾಪುರದ ಪಕ್ಕದ ಭೀಮರಾಯನಗುಡಿ ಕೃಷಿ ಕಾಲೇಜು ಹತ್ತಿರದ ಆಸರೆಗಳು.

ಬೀಜ ಎತ್ತಿಡುವುದೂ ಬೇಸಿಗೆಗೇ. ಹೀರೆ, ಸೋರೆ ಬಳ್ಳಿಯಲ್ಲೇ ಒಣಗಿ ಅಲುಗಾಡಿಸಿದರೆ ಗಲಗಲ ಎನ್ನುವಂತಾದ ಮೇಲೆ ಕಿತ್ತು, ಒಡೆಯದೆ ಅಡುಗೆಮನೆಯ ಜಂತಿಗೆ ತೂಗಹಾಕುತ್ತಾರೆ, ಒಲೆಯ ಹೊಗೆ ಹುಳು ಬಾರದಂತೆ ಕಾಯುತ್ತದೆ. ಅವರೆ, ಅಲಸಂದಿಗೆ ಬೂದಿ ಬೆರೆಸಿ ಗಡಿಗೆಯ ಬಾಯಿಗೆ ಸೆಗಣಿ ಮೆತ್ತುವುದು ರೂಢಿ. ಉಳ್ಳಾಗಡ್ಡಿ ಬೀಜ ಮಾತ್ರ ಈ ಬಿಸಿಲಿನಲ್ಲಿ ಒಂದು ವರ್ಷದ ಮೇಲೆ ಬಾಳುವುದಿಲ್ಲ, ಅದನ್ನು ಪ್ರತಿ ಉತ್ತರಿಗೂ ಹೊಸದಾಗಿ ತರಬೇಕು. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಹೊಗೆ ಇಲ್ಲ, ಜಂತಿಯೂ ಇಲ್ಲ. ಅಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನಾಲ್ಕು ಬೇವಿನ ಎಲೆ, ಒಂದು ಚೂರು ಇದ್ದಿಲು ಹಾಕಿ, ಮೇಲೆ ಬೀಜದ ಹೆಸರೂ ಬಿತ್ತುವ ಮಳೆಯ ಹೆಸರೂ ಬರೆದು ಇಡುತ್ತಾರೆ: ಹೀರೆ, ಮಿರಗ.